ಬಲಬದಿಯ ಗೇಟು

ಚಿತ್ರ ದೊಡ್ಡದಲ್ಲ, ಶಾಲೆಯ ಸ್ಲೇಟಿಗಿಂತ ಸ್ವಲ್ಪ ಅಗಲ. ಚನ್ನಪಟ್ಟಣದ ಕೋಟೆ ಭಾಗದಲ್ಲಿದ್ದ ಹಳೆಯ ಬಂಗಲೆಯೊಂದರ ಕಬ್ಬಿಣದ ಗೇಟು ಅದರಲ್ಲಿದೆ. ಎರಡು ಬಾಗಿಲು; ಒಂದೊಂದರ ನಡುವೆಯೂ ಕತ್ತು ಹೊರಳಿಸಿ ನಿಂತ ನವಿಲು, ಸುತ್ತ ಹೂಬಳ್ಳಿ, ಮೇಲೆ ಭರ್ಜಿಯ ಮೊನೆಗಳ ಸಾಲು. ಪಕ್ಕದ ಕಲ್ಲುಕಂಬದಲ್ಲಿ ಬಂಗಲೆಯ ಹೆಸರು ಕೊರೆದ ಬಿಳಿ ಫಲಕ. ಆ ಗೇಟು ಈಗ ಇಲ್ಲ. ಅದರ ಒಂದು ಬಾಗಿಲು ಮೈಮೇಲೆ ಬಿದ್ದು ಅಲ್ಲಿನ ಕಾವಲುಗಾರ ಸತ್ತ. ಅದಾದ ಮೇಲೆ ಮಾಲೀಕರು ಎರಡೂ ಬಾಗಿಲನ್ನು ಗುಜರಿಗೆ ಹಾಕಿ, ಕಂಬಗಳನ್ನು ಒಡೆಸಿ, ಪಕ್ಕಕ್ಕೆ ಸರಿಯುವ ತಗಡಿನ ಗೇಟು ಹಾಕಿಸಿದರು.

ಚಿತ್ರ ಮಾಡಿದವರು ನನ್ನ ಚಿಕ್ಕಪ್ಪ. ಕನಕಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದ ಮೇಲೆ ಚನ್ನಪಟ್ಟಣಕ್ಕೆ ಬಂದು ನೆಲೆಸಿದ್ದಾರೆ. ನಾನು ರಾಮನಗರದಲ್ಲಿ ಪತ್ರಿಕೆಯೊಂದಕ್ಕೆ ಜಿಲ್ಲಾ ವರದಿಗಾರ್ತಿ. ಸಾವಿನ ಸುದ್ದಿ ಬರೆದವಳು ನಾನೇ.

ಚಿಕ್ಕಪ್ಪ ಮಾಡುವುದು ಎಚಿಂಗ್. ಸತುವಿನ ತಗಡಿಗೆ ಮೇಣ ಬಳಿದು, ಅದರ ಮೇಲೆ ಸೂಜಿಯಿಂದ ಚಿತ್ರ ಗೀಚಿ, ತಗಡನ್ನು ಆಸಿಡ್‌ನಲ್ಲಿ ಮುಳುಗಿಸುತ್ತಾರೆ. ಗೀಚಿದ ಕಡೆ ಮಾತ್ರ ಆಸಿಡ್ ಕಚ್ಚಿ ಗೆರೆ ಇಳಿಯುತ್ತದೆ. ಇಷ್ಟು ಕಚ್ಚಿದ್ದು ಸಾಕು ಎನ್ನಿಸಿದ ಕಡೆಗೆ ಬೊಂಬೆ ಮಾಡುವವರಿಂದ ತಂದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿಯುತ್ತಾರೆ. ಕೊನೆಗೆ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಹೊದಿಸಿ, ಎರಡು ರೋಲರ್ ನಡುವೆ ಒತ್ತುತ್ತಾರೆ. ಅವರ ರೋಲರ್ ಕಬ್ಬಿನ ಹಾಲಿನ ಗಾಡಿಯದು. ಅಂಗಡಿ ಮುಚ್ಚಿದವರೊಬ್ಬರಿಂದ ತಂದು, ಲೇತಿನಲ್ಲಿ ನುಣ್ಣಗೆ ಮಾಡಿಸಿಕೊಂಡಿದ್ದಾರೆ. ಅವರು ಹಿಡಿ ತಿರುಗಿಸುವ ಸದ್ದು ಕೇಳಿದರೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ "ಮೇಷ್ಟ್ರೇ, ಶುಂಠಿ ಹಾಕಿ ನಮಗೂ ಒಂದ್ ಗ್ಲಾಸ್" ಎಂದು ಕೂಗುತ್ತಾರೆ.

ಆ ಗೇಟಿನ ಎದುರು ಚಿಕ್ಕಪ್ಪ ವಾರಗಟ್ಟಲೆ ಕೂತಿದ್ದರು. ಕಾಗದದಲ್ಲಿ ಬರೆದುಕೊಂಡು ಬಂದು ತಗಡಿಗೆ ಇಳಿಸುವುದು ಅವರಿಗೆ ಹಿಡಿಸುವುದಿಲ್ಲ. ಮೇಣ ಬಳಿದ ತಗಡನ್ನೇ ತೊಡೆಯ ಮೇಲಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆ ಗೀಚುತ್ತಾರೆ. ಮೊದಲ ದಿನ ಕಾವಲುಗಾರ ಹತ್ತಿರ ಬಂದು ಸುಮ್ಮನೆ ನಿಂತು ನೋಡಿದ. ಎರಡನೆಯ ದಿನ ಒಳಗಿನಿಂದ ಒಂದು ಸ್ಟೂಲು ತಂದುಕೊಟ್ಟ. ಆಮೇಲೆ ಟೀ ತರತೊಡಗಿದ. ನಾನು ಆ ಕಡೆ ಹೋದಾಗಲೆಲ್ಲ ಇಬ್ಬರ ಮಾತು ನಡೆಯುತ್ತಲೇ ಇರುತ್ತಿತ್ತು.

ಅವನದು ದೊಡ್ಡಆಲಹಳ್ಳಿ ಕಡೆಯ ಒಂದು ಹಳ್ಳಿ. ಕುರಿ ಸಾಕುವ ಮನೆತನ. ಅಣ್ಣನ ಜೊತೆ ಇದ್ದವನು ಪಾಲಿಗೆ ಬಂದ ಕುರಿ ಮಾರಿ, ಹೆಂಡತಿಯನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಬಂದಿದ್ದ. ಹೆಂಡತಿ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಗೇಟಿನ ವಿಷಯವನ್ನೂ ಅವನು ಕುರಿಯ ಮಾತಿನಲ್ಲೇ ಹೇಳುತ್ತಿದ್ದ.

"ಎಡಗಡೇದು ಸಾಧು ಕಣ್ ಮೇಷ್ಟ್ರೇ, ಬಾ ಅಂದ್ರೆ ಬತ್ತದೆ. ಈ ಬಲಗಡೇದು ಟಗರು. ಎಗಲು ಕೊಟ್ಟು ತಳ್ಳುದ್ರೂ ಬರಕಿಲ್ಲ."

ಬಲಗಡೆಯ ಬಾಗಿಲಿನ ಮೇಲಿನ ಕೀಲು ಒಡೆದಿತ್ತು. ಕಂಬಕ್ಕೆ ಬಾಗಿಲನ್ನು ಹಿಡಿದಿರಬೇಕಾದ ಕಬ್ಬಿಣದ ಬಳೆ ಸವೆದು ಬಿರುಕು ಬಿಟ್ಟಿದ್ದರಿಂದ ಅವನು ಅದಕ್ಕೆ ತಂತಿ ಸುತ್ತಿದ್ದ. ಮಾಲೀಕರು ಬೆಂಗಳೂರಿನಲ್ಲಿದ್ದರು. ಬಂದಾಗಲೆಲ್ಲ ಹೇಳಿದ್ದೇನೆ, ಮಾಡಿಸೋಣ ಅನ್ನುತ್ತಾರೆ ಎಂದು ಅವನು ಹೇಳಿದ್ದು ನನಗೆ ನೆನಪಿದೆ. ಚಿಕ್ಕಪ್ಪ ಆ ತಂತಿಯನ್ನೂ ಗೀಚಿದರು, ಸುತ್ತು ಸುತ್ತಾಗಿ, ತುದಿ ಹೊರಗೆ ಚಾಚಿದ್ದನ್ನೂ ಬಿಡದೆ. ಅವನು ಬಗ್ಗಿ ನೋಡಿ ನಕ್ಕ.

"ಇದ್ನೂ ಬರದ್‌ಬುಟ್ರಾ? ನಂ ಮಾನ ಕಳದ್ರಲ್ಲ ಮೇಷ್ಟ್ರೇ. ನವಿಲು ಬರೀರಿ ಅಂದ್ರೆ ತಂತಿ ಬರೀತಾ ಕುಂತವ್ರೆ."

"ಇರೋದನ್ನ ಬಿಡೋಕಾಗುತ್ತೇನಯ್ಯ?"

"ಅಂಗಾರೆ ನನ್ನೂ ಬರೀರಿ. ನಾನೂ ಇವ್ನಿ."

"ನೀನು ಒಂದ್ ಕಡೆ ನಿಲ್ಲಲ್ಲ. ಗೇಟು ನಿಲ್ತದೆ."

ಹಿಂದೆ ಅವನು ಕುಡಿಯುತ್ತಿದ್ದ. ಅದನ್ನು ಅವನೇ ಹೇಳಿಕೊಂಡಿದ್ದ. ಕುಡಿತದಿಂದಲೇ ಅಣ್ಣನಿಗೂ ಅವನಿಗೂ ಕೆಟ್ಟಿತ್ತು. ಕೊನೆಗೆ ಅಣ್ಣನೇ ಅವನನ್ನು ಕೆಂಗಲ್ಲಿಗೆ ಕರೆದುಕೊಂಡು ಹೋಗಿ, ಆಂಜನೇಯನ ಮುಂದೆ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದ್ದ. ಆ ಕಡೆ ಬಸ್ಸಿನಲ್ಲಿ ಹೋದರೆ ಈಗಲೂ ಸೀಟಿನಿಂದ ಎದ್ದು ನಿಂತು ಕೈ ಮುಗಿಯುತ್ತೇನೆ ಎಂದು ಅವನು ಹೇಳುತ್ತಿದ್ದ. ಎದುರು ಕೂತಿದ್ದ ಅಷ್ಟೂ ವಾರಗಳಲ್ಲಿ ಒಂದು ದಿನವೂ ಅವನ ಬಾಯಿಂದ ವಾಸನೆ ಬರಲಿಲ್ಲ ಎಂದು ಚಿಕ್ಕಪ್ಪ ಹೇಳುತ್ತಾರೆ. ಅದು ಆ ವಾರಗಳ ಮಾತು. ಅವನು ಸತ್ತದ್ದು ಅದಾಗಿ ಕೆಲವು ತಿಂಗಳಿಗೆ.

ಅವತ್ತು ನಾನು ಮಾಗಡಿಯಲ್ಲಿ ಒಂದು ಸಭೆಗೆ ಹೋಗಿದ್ದೆ. ಫೋನ್ ಬಂದ ಮೇಲೆ ಹೊರಟು ಚನ್ನಪಟ್ಟಣ ಮುಟ್ಟುವಷ್ಟರಲ್ಲಿ ಹೆಣವನ್ನು ಸಾಗಿಸಿದ್ದರು. ಬಲಗಡೆಯ ಬಾಗಿಲು ನವಿಲು ಮೇಲಾಗಿ ಮಣ್ಣಿನಲ್ಲಿ ಮಲಗಿತ್ತು. ಅದನ್ನು ಎತ್ತಲು ಐದಾರು ಜನ ಬೇಕಾಯಿತೆಂದು ಎದುರಿನ ಅಂಗಡಿಯವರು ಹೇಳಿದರು. ಮಾಲೀಕರ ಕಾರು ಒಳಗೆ ಬರಬೇಕಿತ್ತು, ಅವನು ಗೇಟು ತೆಗೆಯಲು ಹೋದ, ಇಷ್ಟು ಎಲ್ಲರೂ ಒಪ್ಪುವ ಮಾತು. ಅವನು ಕುಡಿದು ಬಂದು ಗೇಟು ಹತ್ತಿ ಜೋತಾಡಿದ, ಅದಕ್ಕೇ ಬಿತ್ತು ಎಂದು ಮಾಲೀಕರು ಪೊಲೀಸರಿಗೆ ಹೇಳಿಕೆ ಕೊಟ್ಟರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಮಾರನೆಯ ದಿನ ಒಂದೆರಡು ಪತ್ರಿಕೆಗಳಲ್ಲಿ ಕುಡಿದ ಮಾತು ಬಂತು. ನನ್ನ ವರದಿಯಲ್ಲಿ ಬಂದದ್ದು ಗೇಟು ಬಿದ್ದು ಕಾವಲುಗಾರ ಸತ್ತ ಎಂಬಷ್ಟೇ. ಅವನ ರಕ್ತದಲ್ಲಿ ಮದ್ಯ ಇತ್ತೇ ಎಂದು ಪರೀಕ್ಷೆ ಆಗಿದೆಯೇ ಎಂದು ಪೊಲೀಸರನ್ನು ವಿಚಾರಿಸಿದೆ. ಅದಕ್ಕೆ ಕಳಿಸಿಲ್ಲ ಎಂದರು. ಯಾಕೆ ಕಳಿಸಿಲ್ಲ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವನನ್ನು ಊರಿನಲ್ಲಿ ಮಣ್ಣು ಮಾಡಿಯಾಗಿತ್ತು.

ಪಿತೃಪಕ್ಷಕ್ಕೆ ಸ್ವಲ್ಪ ದಿನ ಮುಂಚೆ ಅವನ ಹೆಂಡತಿ ಚಿಕ್ಕಪ್ಪನ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಬಿಸಿನೀರಿನಲ್ಲಿ ರೇಷ್ಮೆ ಗೂಡು ಬಿಚ್ಚಿ ಬಿಚ್ಚಿ ಬೆರಳ ತುದಿಗಳು ಬೆಳ್ಳಗಾಗಿ ಸೀಳಿದ್ದವು. ಚಿಕ್ಕಮ್ಮ ಕೊಟ್ಟ ಟೀ ಲೋಟವನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದಳು.

"ನೀವು ಗೇಟು ಬರದಿದ್ರಂತೆ ಮೇಷ್ಟ್ರೇ. ತಂತೀನೂ ಬರದವ್ರೆ ಅಂತ ನಮ್ಮೆಜಮಾನ್ರು ಯೋಳಿ ನಗಾಡಿದ್ರು. ಅದು ಐತಾ?"

ಇದೆ ಎಂದು ಚಿಕ್ಕಪ್ಪ ತಂದು ತೋರಿಸಿದರು. ಅವಳು ನವಿಲನ್ನು ನೋಡಲಿಲ್ಲ. ಒಡೆದ ಬಳೆಯನ್ನು ಹುಡುಕಿ, ಅಲ್ಲಿಗೆ ಮುಖ ತಂದು ನೋಡಿದಳು.

ಗಂಡನ ಅಣ್ಣ ಈ ಸಲ ಪಕ್ಷಕ್ಕೆ ತಮ್ಮನ ಹೆಸರಿನಲ್ಲಿ ಎಡೆ ಇಡುವುದಿಲ್ಲ ಎಂದಿದ್ದ. ಸತ್ತ ಹಿರಿಯರೆಲ್ಲರ ಹೆಸರಲ್ಲೂ ಅಮಾವಾಸ್ಯೆಯ ದಿನ ಎಲೆ ಹಾಕಿ ಬಡಿಸುವುದು ಆ ಮನೆಗಳ ಪದ್ಧತಿ, ಮನೆಗೆ ದೊಡ್ಡವನು ಇಡಬೇಕು. ಹನುಮಂತರಾಯನ ಮುಂದೆ ಇಟ್ಟ ಆಣೆ ಮುರಿದು ಕುಡಿದು ಸತ್ತವನಿಗೆ ನನ್ನ ಮನೆಯಲ್ಲಿ ಎಲೆ ಇಲ್ಲ ಎಂದು ಅವನು ಊರ ಮುಂದೆ ಹೇಳಿದ್ದ. ಪೇಪರಿನಲ್ಲಿ ಬಂದದ್ದನ್ನು ಯಾರೋ ಅವನಿಗೆ ಓದಿ ಹೇಳಿದ್ದರು.

"ಕೇಸು ಗೀಸು ನಂಗೆ ಬ್ಯಾಡ ಕಣಕ್ಕ," ಎಂದಳು ನನ್ನ ಕಡೆ ತಿರುಗಿ. "ಅವ್ರು ಕುಡುದಿರ್ನಿಲ್ಲ. ಬೆಳಿಗ್ಗೆ ಮುದ್ದೆ ತಿನ್ಸಿ ಕಳಿಸ್ದೋಳು ನಾನು. ಗೇಟು ಮುರುದಿತ್ತು ಅಂತ ನಮ್ ಬಾವಂಗೆ ಗೊತ್ತಾದ್ರೆ ಸಾಕು. ಕುಡ್ಕ ಅನ್ನುಸ್ಕೊಂಡು ಓಗಬಾರ್ದು ಅವ್ರು."

ಚಿಕ್ಕಪ್ಪ ಒಂದು ಪ್ರತಿಯನ್ನು ರಟ್ಟಿನ ನಡುವೆ ಇಟ್ಟು ಕಟ್ಟಿಕೊಟ್ಟರು. ಅವಳು ಕೆಲಸಕ್ಕೆ ರಜ ಹಾಕಿ ಒಬ್ಬಳೇ ಊರಿಗೆ ಹೋದಳು.

ಮರುದಿನ ಸಂಜೆ ಅದೇ ರಟ್ಟು ಹಿಡಿದುಕೊಂಡು ವಾಪಸ್ ಬಂದಳು. ಭಾವ ಚಿತ್ರವನ್ನು ಬಹಳ ಹೊತ್ತು ನೋಡಿದನಂತೆ. ಸಾವಿನ ದಿನ ಅವನು ಸ್ಥಳಕ್ಕೆ ಬಂದಿದ್ದ, ಬಿದ್ದ ಬಾಗಿಲನ್ನು ಕಣ್ಣಾರೆ ಕಂಡಿದ್ದ. ಬಿದ್ದದ್ದು ಬಲಗಡೆಯದು. ಚಿತ್ರದಲ್ಲಿ ತಂತಿ ಸುತ್ತಿದ್ದದ್ದು ಎಡಗಡೆಗೆ. "ಮುರುದಿದ್ದು ಒಂದು, ಬಿದ್ದಿದ್ದು ಇನ್ನೊಂದು. ಇದ್ನ ಯಾರ ಮುಂದೆ ತಂದಿದ್ದೀಯ?" ಎಂದು ಕಳಿಸಿಬಿಟ್ಟಿದ್ದ.

ಚಿಕ್ಕಪ್ಪ ಚಿತ್ರವನ್ನು ಕೈಗೆ ತೆಗೆದುಕೊಂಡು ಕೂತುಬಿಟ್ಟರು. ತಗಡಿನಲ್ಲಿ ಬಲಕ್ಕಿರುವುದು ಕಾಗದಕ್ಕೆ ಒತ್ತಿದಾಗ ಎಡಕ್ಕೆ ಬರುತ್ತದೆ. ರಬ್ಬರ್ ಸ್ಟ್ಯಾಂಪಿನಲ್ಲಿ ಆಗುವುದೂ ಅದೇ. ಗೇಟನ್ನು ಕಂಡ ಹಾಗೆ ತಗಡಿಗೆ ಗೀಚಿದ್ದರಿಂದ ಕಾಗದದ ಮೇಲೆ ಅದು ಇಡಿಯಾಗಿ ಅದಲುಬದಲಾಗಿತ್ತು. ಅದು ಅವರಿಗೆ ಗೊತ್ತಿದ್ದದ್ದೇ, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕಂಬದ ಮೇಲಿನ ಹೆಸರನ್ನು ಮಾತ್ರ ಅವರು ತಗಡಿನಲ್ಲಿ ಬೇಕೆಂದೇ ತಿರುಗುಮುರುಗಾಗಿ ಬರೆದಿದ್ದರು. ಹಾಗೆ ಬರೆಯದಿದ್ದರೆ ಕಾಗದದ ಮೇಲೆ ಅಕ್ಷರ ಉಲ್ಟಾ ಬಂದು ನೋಡುವವರು ನಗುತ್ತಾರೆ. ಎಚಿಂಗ್ ಮಾಡುವವರೆಲ್ಲ ಹೀಗೆ ಮಾಡುತ್ತಾರೆ ಎಂದರು. ಅಕ್ಷರ ನೇರವಾಗಿರುವುದರಿಂದ, ನೋಡಿದ ಯಾರಿಗೂ ಚಿತ್ರ ಅದಲುಬದಲಾಗಿದೆ ಎಂಬ ಅನುಮಾನವೇ ಬರುವಂತಿರಲಿಲ್ಲ. ಹೋಗಿ ತೋರಿಸೋಣವೆಂದರೆ ಗೇಟೂ ಇಲ್ಲ, ಕಂಬವೂ ಇಲ್ಲ.

"ಹೆಸರು ಉಲ್ಟಾ ಇದ್ರೆ ಇರ್ಲಿ ಅಂತ ಬಿಟ್ಟಿದ್ರೆ ಸರಿಹೋಗ್ತಿತ್ತು," ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಒಳಗಿನಿಂದ, "ಈಗ ಕೂತು ಅದನ್ನ ಹೇಳಿದ್ರೆ ಏನು ಬಂತು? ತಗಡು ಅಟ್ಟದ ಮೇಲೆ ಇದೆಯಲ್ಲ, ತಗೊಂಡು ಹೋಗಿ" ಎಂದರು.

ಭಾನುವಾರ ಚಿಕ್ಕಪ್ಪ, ಅವಳು, ನಾನು ಮೂವರೂ ಕಾರಿನಲ್ಲಿ ಹೋದೆವು. ಅವನ ಅಣ್ಣ ಹಟ್ಟಿಯ ಮುಂದೆ ಒಂದು ಕುರಿಯನ್ನು ಮಂಡಿಯ ಕೆಳಗೆ ಅಮುಕಿಕೊಂಡು ಬೆಳೆದ ಗೊರಸು ಹೆರೆಯುತ್ತಿದ್ದ. ನಮ್ಮನ್ನು ಕಂಡು ಎದ್ದು, ಕೈ ತೊಳೆದು, ಜಗುಲಿಯ ಮೇಲೆ ಚಾಪೆ ಹಾಸಿದ. ತಮ್ಮನ ಹೆಂಡತಿಯನ್ನು ಮಾತಾಡಿಸಲಿಲ್ಲ. ಚಿಕ್ಕಪ್ಪ ಹಳೆ ಪಂಚೆಯಲ್ಲಿ ಸುತ್ತಿದ್ದ ತಗಡನ್ನು ಬಿಚ್ಚಿ, ಕಾಗದದ ಚಿತ್ರದ ಪಕ್ಕ ಇಟ್ಟು, ಒಂದರಿಂದ ಇನ್ನೊಂದು ಹೇಗಾಯಿತು ಎಂದು ವಿವರಿಸಿದರು.

ಅವನು ಪೂರಾ ಕೇಳಿದ. "ಅಂಗಾದ್ರೆ ಅಕ್ಸರ ಯಾಕೆ ಮೇಷ್ಟ್ರೇ ಸರ್ಯಾಗೈತೆ ಕಾಗದದಾಗೆ? ಗೇಟು ಅದ್ಲುಬದ್ಲಾದ್ರೆ ಅದೂ ಆಗ್ಬೇಕಲ್ವ?"

"ಅದನ್ನ ನಾನೇ ಉಲ್ಟಾ ಬರೆದಿದ್ದೆ."

"ಅದ ಮಾತ್ರ."

"ಹೌದು. ಓದೋರಿಗೆ ಸರಿ ಕಾಣ್ಲಿ ಅಂತ."

"ಚೆನ್ನಾಗೈತೆ." ಅವನು ನನ್ನ ಕಡೆ ನೋಡಿದ. "ನೀವೂ ಪೇಪರ್‌ನಾಗೆ ಇಂಗೇ ಮಾಡೀರಾ ಅವ್ವ? ಓದೋರ್ಗೆ ಸರಿ ಕಾಣ್ಲಿ ಅಂತವಾ?"

ಅವನು ತಗಡನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಹೋದ. ಓರೆ ಮಾಡಿ ಹಿಡಿದು, ಉಗುರಿನಿಂದ ಗೆರೆಗಳನ್ನು ಸವರುತ್ತಾ ನೋಡಿದ. ಕೀಲಿನ ಬಳಿ ಉಗುರು ನಿಂತಿತು. ಅಲ್ಲಿ ಆಸಿಡ್ ಆಳವಾಗಿ ಕಚ್ಚಿ, ತಂತಿಯ ಸುತ್ತು ಕೈಗೆ ಸಿಗುವಂತಿತ್ತು. ತಗಡಿನಲ್ಲಿ ಅದು ಬಲಕ್ಕೇ ಇತ್ತು. ತಿರುಗಿ ಬಂದಾಗ ಅವನ ದನಿ ತಗ್ಗಿತ್ತು.

"ಅವತ್ತು ನಾನು ಕಂಡಂಗೇ ಐತೆ ಇದು. ಗೇಟು ಮುರುದಿತ್ತು, ಒಪ್ಪುದೆ. ಆದ್ರೆ ಕುಡುದಿರ್ನಿಲ್ಲ ಅಂತ ಈ ತಗಡು ಯೋಳ್ತದಾ?"

"ನಾನು ಯೋಳ್ತಿವ್ನಲ್ಲ ಬಾವ," ಎಂದಳು ಅವಳು.

"ನೀನು ಎಂಡ್ತಿ ಕಣವ್ವ. ನೀನು ಇನ್ನೇನು ಯೋಳೀಯ?"

"ಊರ್ನಾಗೆ ಅವ್ರು ಕುಡುದು ಬಂದಾಗ ಒಂದಿನಾನಾದ್ರೂ ಮುಚ್ಚಿಟ್ಟಿದ್ನಾ ನಾನು? ನಿಮ್ತಾವ ಬಂದು ಯೋಳಿದ್ದು ಯಾರು? ಆಣೆ ಮಾಡ್ಸಿ ಅಂತ ನಿಮ್ ಕಾಲಿಡ್ಕೊಂಡಿದ್ದು ಯಾರು?"

ಅರ್ಧ ಗೊರಸು ಹೆರೆಸಿಕೊಂಡಿದ್ದ ಕುರಿ ಕುಂಟುತ್ತಾ ಅಂಗಳದಲ್ಲಿ ಓಡಾಡುತ್ತಿತ್ತು. ಅವನು ಅದನ್ನು ಹಿಡಿದು, ಮತ್ತೆ ಮಂಡಿ ಊರಿ, ಕತ್ತಿ ಕೈಗೆ ತೆಗೆದುಕೊಂಡ ಮೇಲೆ ತಲೆ ಎತ್ತದೆ ಹೇಳಿದ: "ಅಮಾಸೆಗೆ ಬನ್ನಿ. ಎಡೆ ಇಕ್ಕನ."

ವಾಪಸ್ ಬರುವಾಗ ಅವಳು ಕನಕಪುರದಲ್ಲಿ ಕಾರು ನಿಲ್ಲಿಸಲು ಹೇಳಿ, ಎಡೆಯಲ್ಲಿಡಲು ಒಂದು ಪಂಚೆ ಮತ್ತು ಬಿಳಿ ಶರಟು ಕೊಂಡಳು. ಶರಟಿನ ಅಳತೆ ಕೇಳಿದಾಗ ಅಂಗಡಿಯಲ್ಲಿ ಕೆಲಸ ಮಾಡುವವನೊಬ್ಬನನ್ನು ತೋರಿಸಿ, ಇವರಷ್ಟೇ ಇದ್ದರು ಎಂದಳು.

ಅಮಾವಾಸ್ಯೆಯ ದಿನ ಅವಳು ನನ್ನನ್ನೂ ಕರೆದಳು. ಯಾರಾದರೂ ಹೊರಗಿನವರು ನೋಡಬೇಕು ಎಂಬುದು ಅವಳ ಮನಸ್ಸಿನಲ್ಲಿತ್ತು. ಚಿಕ್ಕಪ್ಪ ಬರಲಿಲ್ಲ. ನಡುಮನೆಯಲ್ಲಿ ಎರಡು ಎಲೆ ಹಾಕಿದ್ದರು. ಒಂದು ತಂದೆತಾಯಿಗೆ, ಒಂದು ಅವನಿಗೆ. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಅವಳೇ ಬಡಿಸಿದಳು. ಪಂಚೆ ಶರಟನ್ನು ಎಲೆಯ ಪಕ್ಕ ಮಡಿಸಿಟ್ಟಳು. ಗೋಡೆಗೆ ಒರಗಿಸಿದ್ದ ಫೋಟೋ ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದ್ದು. ಬೇರೆ ಫೋಟೋ ಇರಲಿಲ್ಲ.

ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನು ಎಡೆಯಲ್ಲಿಡಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಎಲೆಯಡಿಕೆಯವರಿಗೆ ಎಲೆಯಡಿಕೆ. ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬುದು ನಂಬಿಕೆ. ಸಾಂಬ್ರಾಣಿಯ ಹೊಗೆ ಎದ್ದ ಮೇಲೆ ಎಡೆಯನ್ನು ಮುಟ್ಟುವಂತಿಲ್ಲ.

ಹೊಗೆ ಏಳುತ್ತಿದ್ದ ಹಾಗೆ ಅಣ್ಣ ಹೆಗಲ ಮೇಲಿನ ಟವೆಲಿನಿಂದ ಒಂದು ಕ್ವಾರ್ಟರ್ ಬ್ರಾಂದಿ ಬಾಟಲಿ ತೆಗೆದು, ಮುಚ್ಚಳ ತಿರುವಿ, ತಮ್ಮನ ಎಲೆಯ ಬಲಕ್ಕೆ ಇಟ್ಟ. ಅವನ ಕಣ್ಣಲ್ಲಿ ನೀರಿತ್ತು.

"ಬಾ ತಮ್ಮ. ನಿಂಗಿಷ್ಟವಾದ್ದೇ ತಂದಿವ್ನಿ. ಉಂಡ್ಕೊಂಡೋಗು."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬಾವ, ಅದ ತಗೀರಿ. ಅವ್ರು ಬುಟ್ಟಿದ್ರು."

"ಸಾಂಬ್ರಾಣಿ ಆಗೋಯ್ತು ಕಣವ್ವ, ಮುಟ್ಟಬಾರ್ದು."

"ಅವ್ರು ಮುಟ್ತಿರ್ನಿಲ್ಲ ಬಾವ."

"ಬುಟ್ಟಿದ್ನೋ ಇಲ್ವೋ, ನಂಗೀಗ ಅದು ಬ್ಯಾಡ. ಇನ್ಯಾವ ಆಣೆ ಅವಂಗೆ? ನಾನಂತೂ ಬಯ್ಯಕಿಲ್ಲ. ನಮ್ಮೋನೇ ತಾನೆ. ಕುಡುಕೊಂಡೋಗ್ಲಿ."

ಎಲ್ಲರೂ ಹೊರಗೆ ನಡೆದರು. ಅವಳು ಹೊಸ್ತಿಲ ಒಳಗೇ ನಿಂತಿದ್ದಳು. ಅಣ್ಣ ಬಾಗಿಲ ಚಿಲಕ ಹಿಡಿದು ಕಾಯುತ್ತಿದ್ದ. ಅವನೇನೂ ಅವಸರ ಮಾಡಲಿಲ್ಲ. ಅವಳು ಎಲೆಯ ಕಡೆ ನೋಡಿದಳು, ಕೈ ಒಂದಿಷ್ಟು ಮುಂದಕ್ಕೆ ಬಂತು. ಬಾಟಲಿ ಎತ್ತಿದ್ದರೆ ಎಡೆ ಮುರಿಯುತ್ತಿತ್ತು. ಅವಳು ಹೊಸ್ತಿಲು ದಾಟಿ ಈಚೆ ಬಂದಳು. ಅವನು ಬಾಗಿಲು ಮುಚ್ಚಿದ.

ಬಾಗಿಲು ತೆರೆದ ಮೇಲೆ ಪಂಕ್ತಿ ಕೂತಿತು. ಎಡೆಯಲ್ಲಿಟ್ಟದ್ದು ಪ್ರಸಾದ, ಚೆಲ್ಲುವಂತಿಲ್ಲ. ಬಾಟಲಿ ಗಂಡಸರ ಸಾಲಿನಲ್ಲಿ ಲೋಟದಿಂದ ಲೋಟಕ್ಕೆ ಹೋಯಿತು. ದಾಯಾದಿಯೊಬ್ಬ ಒಂದು ಗುಟುಕು ಇಳಿಸಿ ಮೀಸೆ ಒರೆಸಿಕೊಂಡ.

"ನಮ್ ಹೈದ ಒಳ್ಳೆ ಮಾಲೇ ಕುಡೀತಿದ್ದ ಕಣ್ಲಾ."

ಪಕ್ಕದವನು ನಕ್ಕ. ಅವಳು ಸಾರಿನ ಪಾತ್ರೆ ಹಿಡಿದು ಅವರ ಮುಂದೆಯೇ ನಿಂತಿದ್ದಳು.

"ಅವ್ರು ಕುಡೀತಿರ್ನಿಲ್ಲ ಅಣ್ಣ."

"ಆಯ್ತು ಬುಡು ತಾಯಿ," ಎಂದು ಅವನು ಎಲೆಯ ಮೇಲಿನ ಮುದ್ದೆಯನ್ನು ಅತ್ತ ಸರಿಸಿ ಸಾರಿಗೆ ಜಾಗ ಮಾಡಿದ. "ಒಸಿ ಬಾಡು ನೋಡಿ ಆಕು."

ಅವಳು ಬಗ್ಗಿ ಬಡಿಸಿದಳು.